ಲೀತ್ ಬಂದರು ಪಟ್ಟಣದ ನಕ್ಷೆಗಳ ಮರುಮುದ್ರಣ: ಆಕರವಾಗಿ ಬೆಲೆ ಮತ್ತು ಮಿತಿ

ಅಳಿದುಹೋದ ಬೀದಿಗಳ ನೆನಪನ್ನು ವಕ್ತೃಗಳಿಂದ ಸಂಗ್ರಹಿಸುವ ಸಂಶೋಧಕನಿಗೆ ಹಳೆಯ ನಕ್ಷೆ ಮಹತ್ವದ ಆಕರ. ಮೂಲ ಹಾಳೆಗಳು ಗ್ರಂಥಾಲಯಗಳಲ್ಲಿ ಉಳಿದರೆ ಜನರ ಕೈಗೆ ಸುಲಭವಾಗಿ ದೊರೆಯುವುದು ಅವುಗಳ ಮರುಮುದ್ರಣ. ಈ ಮರುಮುದ್ರಣವನ್ನು ಮೂಲದ ಯಥಾವತ್ ಪ್ರತಿಯೆಂದು ಭಾವಿಸಬಹುದೇ ಎಂಬುದನ್ನು ಸ್ಕಾಟ್ಲೆಂಡಿನ ಲೀತ್ ಪಟ್ಟಣದ ನಿದರ್ಶನದಿಂದ ಪರಿಶೀಲಿಸಬಹುದು.

ಫೋರ್ತ್ ಅಳಿವೆಯ ದಂಡೆಯಲ್ಲಿರುವ ಲೀತ್ ಎಡಿನ್‌ಬರೋ ನಗರದ ಬಂದರು. 1833ರಲ್ಲಿ ಸ್ವತಂತ್ರ ಪುರಾಡಳಿತ ಪಡೆದ ಈ ಪಟ್ಟಣವನ್ನು 1920ರಲ್ಲಿ, ನಿವಾಸಿಗಳ ವಿರೋಧವಿದ್ದರೂ, ಎಡಿನ್‌ಬರೋದಲ್ಲಿ ವಿಲೀನಗೊಳಿಸಲಾಯಿತು. ಆಡಳಿತ ಕಳೆದುಕೊಂಡ ಪಟ್ಟಣಕ್ಕೆ ತನ್ನ ಬೀದಿಗಳ ಹೆಸರು ಮತ್ತು ನೆನಪುಗಳೇ ಅಸ್ಮಿತೆಯ ಆಧಾರವಾದವು. ಅದರ ಹಳೆಯ ನಕ್ಷೆಗಳಿಗೆ ಇರುವ ಬೆಲೆ ಇದರಿಂದ ಸ್ಪಷ್ಟವಾಗುತ್ತದೆ.

ಬ್ರಿಟನ್ನಿನ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯು 1850ರ ದಶಕದ ಆರಂಭದಲ್ಲಿ ಲೀತನ್ನು ಮೈಲಿಗೆ 5 ಅಡಿಯ, ಅಂದರೆ 1:1056 ಪ್ರಮಾಣದಲ್ಲಿ ಚಿತ್ರಿಸಿತು. ಆದರೆ ಲೀತ್ ಸೇರಿದ್ದ ಎಡಿನ್‌ಬರೋ ಜಿಲ್ಲೆಯ ಮೊದಲ ಅಳತೆ ಮೈಲಿಗೆ 6 ಇಂಚಿನದು. ಅಲ್ಲಿ ಮೈಲಿಗೆ 25 ಇಂಚಿನ (1:2500) ಹಾಳೆಗಳು ಬಂದದ್ದು 1890ರ ದಶಕದಲ್ಲಿ. ಅಲನ್ ಗಾಡ್‌ಫ್ರೀ ಸಂಸ್ಥೆಯ ಪ್ರಸಿದ್ಧ ಮರುಮುದ್ರಣ ಮಾಲೆಯು ಬಹುಮಟ್ಟಿಗೆ ಈ 25 ಇಂಚಿನ ಹಾಳೆಗಳನ್ನು ಮೈಲಿಗೆ ಸುಮಾರು 15 ಇಂಚಿಗೆ ಕುಗ್ಗಿಸಿ, ಬೆನ್ನಿಗೆ ಸ್ಥಳೀಯ ಇತಿಹಾಸದ ಟಿಪ್ಪಣಿಯೊಂದಿಗೆ ಪ್ರಕಟಿಸಿದೆ. ಕಡಿಮೆ ಬೆಲೆಗೆ, ಮಡಿಚಿ ಒಯ್ಯಲು ಬರುವಂತೆ ದೊರೆಯುವುದು ಇದರ ದೊಡ್ಡ ಗುಣ.

ಇದರ ಮಿತಿಗಳು ಎರಡು. ಮೊದಲನೆಯದು ಪ್ರಮಾಣದ್ದು. ಮೂಲದಲ್ಲಿ 1 ಸೆಂಟಿಮೀಟರ್ 25 ಮೀಟರಿಗೆ ಸಮ. ಕುಗ್ಗಿದ ಪ್ರತಿಯಲ್ಲಿ ಅದು ಸುಮಾರು 42 ಮೀಟರ್. ಮೂಲದ ಪ್ರಮಾಣವನ್ನೇ ನಂಬಿ ಅಳೆದರೆ ಓಣಿಯ ಉದ್ದ ಸುಮಾರು ಐದರಲ್ಲಿ ಎರಡು ಪಾಲು ಕಡಿಮೆಯಾಗಿ ತೋರುತ್ತದೆ.

ಎರಡನೆಯದು ಕಾಲದ್ದು. 1880ರ ದಶಕದ ಸುಧಾರಣಾ ಯೋಜನೆಯಲ್ಲಿ ಹೆಂಡರ್ಸನ್ ಸ್ಟ್ರೀಟ್ ಎಂಬ ಹೊಸ ಬೀದಿಯು ಕಿಕ್ಕಿರಿದ ಹಳೆಯ ಓಣಿಗಳನ್ನು ಸೀಳಿಕೊಂಡು ಹೋಯಿತು. 1890ರ ದಶಕದ ಹಾಳೆಯಲ್ಲಿ ಕಾಣುವುದು ಈ ಬೀದಿಯೇ ಹೊರತು ಅದು ನುಂಗಿದ ಓಣಿಗಳಲ್ಲ. ಅಜ್ಜಂದಿರಿಂದ ಕೇಳಿದ ಓಣಿಯ ಹೆಸರೊಂದನ್ನು ವಕ್ತೃ ಹೇಳಿದಾಗ, ಈ ಹಾಳೆಯನ್ನಷ್ಟೇ ಬಲ್ಲ ಸಂಶೋಧಕ ಅದನ್ನು ಕಲ್ಪಿತವೆಂದು ತಳ್ಳಿಹಾಕುವ ಅಪಾಯವಿದೆ. ಅದಕ್ಕೆ ಉತ್ತರ 5 ಅಡಿಯ ನಕ್ಷೆಯಲ್ಲಿ ಹುಡುಕಬೇಕಾದದ್ದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಅದರ ಹಾಳೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಅಳತೆಗಾರರು ಸ್ಥಳನಾಮದ ರೂಪಗಳನ್ನೂ ಅವುಗಳಿಗೆ ಪ್ರಮಾಣವಾದವರನ್ನೂ ಬರೆದಿಟ್ಟ ‘ನಾಮಪುಸ್ತಕ’ಗಳು ಇದಕ್ಕೆ ಪೂರಕ.

ಹಾಗೆಂದು ಮರುಮುದ್ರಣವನ್ನು ಕಡೆಗಣಿಸುವಂತಿಲ್ಲ. ಲೀತಿನ ಪ್ರಧಾನ ಬೀದಿಯಾಗಿದ್ದ ಕರ್ಕ್‌ಗೇಟ್ 1960ರ ದಶಕದಲ್ಲಿ ನೆಲಸಮವಾಯಿತು. ಅದನ್ನು ಕಂಡವರ ಮುಂದೆ ಈ ಹಾಳೆಯನ್ನು ಹರಡಿದರೆ ಅಂಗಡಿ, ಅಂಗಳ, ತಿರುವುಗಳ ನೆನಪು ಕ್ರಮಬದ್ಧವಾಗಿ ಹೊರಬರಲು ಅನುಕೂಲವಾಗುತ್ತದೆ. ಆದ್ದರಿಂದ ಮರುಮುದ್ರಣವನ್ನು ಉಲ್ಲೇಖಿಸುವಾಗ ಅಳತೆಯ ವರ್ಷ, ಮೂಲ ಪ್ರಕಟಣೆಯ ವರ್ಷ, ಮರುಮುದ್ರಣದ ವರ್ಷ, ಕುಗ್ಗಿಸಿದ ಪ್ರಮಾಣ ಈ ನಾಲ್ಕನ್ನೂ ನಮೂದಿಸುವುದು ಅಗತ್ಯ. ಗ್ರಂಥಾಲಯಗಳ ಸೂಚಿಯಲ್ಲಿಯೂ ಇದೇ ಕ್ರಮವನ್ನು ಪಾಲಿಸಿದರೆ ನಕ್ಷೆಯಲ್ಲಿಲ್ಲದ ಕಾರಣಕ್ಕೆ ಜನರ ನೆನಪು ಸುಳ್ಳೆನಿಸಿಕೊಳ್ಳುವ ಅನ್ಯಾಯ ತಪ್ಪುತ್ತದೆ.