ನೆನೆದ ಪಟಾಕಿ ಸತ್ತ ಪಟಾಕಿಯಲ್ಲ

ದೀಪಾವಳಿಗೆ ಹಿಂಗಾರಿ ಮಳೆ ಹನಿಸಿತೆಂದರೆ ಹಿರೇಹಡಗಲಿ ಕಡೆಯ ಮಾಳಿಗೆಗಳ ಮೇಲೆ ಶೇಂಗಾದ ಪಕ್ಕದಲ್ಲೇ ಮೊರದ ತುಂಬ ಪಟಾಕಿ ಒಣಗುತ್ತಿರುತ್ತದೆ. 'ತಂಪು ಹಿಡದಾವ್ರಿ, ಬಿಸಲಿಗೆ ಇಟ್ರ ಮೊದಲಿನಂಗ ಆಕ್ಕಾವು' ಅನ್ನುತ್ತಾರೆ. ಪಾಡ್ಯದ ಬೆಳಿಗ್ಗೆ ಹುಡುಗರು ಠುಸ್ಸಾದವುಗಳನ್ನು ಆರಿಸಿ ತಂದು, ಬಿಚ್ಚಿ, ಮದ್ದನ್ನೆಲ್ಲ ಒಂದು ಕಾಗದಕ್ಕೆ ಸುರಿದು ಕಡ್ಡಿ ಗೀರುತ್ತಾರೆ. ದೊಡ್ಡವರು ನೋಡಿಯೂ ಸುಮ್ಮನಿರುತ್ತಾರೆ. ನೆನೆದದ್ದು ಸತ್ತಿತು, ಒಣಗಿದ್ದು ಸರಿಹೋಯಿತು ಎಂಬ ಈ ಎರಡು ನಂಬಿಕೆಗಳೂ ಸುಳ್ಳು.

ಮದ್ದೆಂದರೆ ಬರೀ ಪುಡಿಯಲ್ಲ. ಅದರ ಕಣಗಳನ್ನು ಅಂಟು ಹಿಡಿದಿರುತ್ತದೆ. ಹೂಕುಂಡ ಹದವಾಗಿ, ಪದರ ಪದರವಾಗಿ ಉರಿಯುವುದು ಆ ಬಿಗಿ ಇರುವತನಕ ಮಾತ್ರ. ನೀರು ತಾಗಿದರೆ ಮದ್ದಿನಲ್ಲಿರುವ ಉಪ್ಪು ಕರಗಿ ಇನ್ನೆಲ್ಲೋ ಹೋಗಿ ಹರಳುಗಟ್ಟುತ್ತದೆ, ಅಂಟು ಉಬ್ಬಿ ಒಣಗುವಾಗ ಬಿರಿಯುತ್ತದೆ. ಕೆರೆಯಂಗಳದ ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟ ಹಾಗೆ. ಬೆಂಕಿ ಆ ಬಿರುಕುಗಳೊಳಗೆ ನುಗ್ಗಿತೆಂದರೆ ನಿಧಾನ ಉರಿಯಬೇಕಾದದ್ದು ಒಮ್ಮೆಲೇ ಉರಿದು ಕುಂಡ ಸಿಡಿಯುತ್ತದೆ. ಬತ್ತಿಯನ್ನೂ ನಂಬುವಂತಿಲ್ಲ. ಆರಿತೆಂದು ಬಗ್ಗಿ ನೋಡುವ ಹೊತ್ತಿಗೇ ಹತ್ತಿಕೊಳ್ಳುತ್ತದೆ.

ಇನ್ನೂ ಕೆಟ್ಟದ್ದು ತೇವ. ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಪುಡಿ ನೈಟ್ರೇಟ್ ಉಪ್ಪಿನ ಜೊತೆ ತೇವದಲ್ಲಿ ಕೂತರೆ ತಾನಾಗಿಯೇ ಬಿಸಿಯಾಗಬಲ್ಲದು. ಸುಣ್ಣದ ಹರಳಿಗೆ ನೀರು ಹಾಕಿದಾಗ ಕುದಿಯುವುದನ್ನು ನೋಡಿದ್ದೇವಲ್ಲ. ರಾಸಾಯನಿಕ ಕ್ರಿಯೆ ಬೇರೆ, ಕಾವು ಏರುವುದು ಹಾಗೆಯೇ. ಗುಡ್ಡೆ ಹಾಕಿದ ಮದ್ದಿನಲ್ಲಿ ಆ ಕಾವು ಹೊರಗೆ ಹೋಗಲಾರದೆ ಏರುತ್ತಾ ಹೋದರೆ ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು. ಮನೆಯಲ್ಲೇ ಮದ್ದು ಕಲಸುವಾಗ ನೀರಿನ ಬದಲು ಸ್ಪಿರಿಟ್ ಹಾಕಿದರೆ ಅಪಾಯವಿಲ್ಲ, ಬೇಗ ಆರುತ್ತದೆ ಅನ್ನುವವರೂ ಇದ್ದಾರೆ. ಸ್ಪಿರಿಟ್ಟಿನ ಆವಿ ನೆಲ ಹಿಡಿದು ಹರಡುತ್ತದೆ, ಪಕ್ಕದ ಕೋಣೆಯ ಒಲೆಯೂ ಅದಕ್ಕೆ ಸಾಕು. ಮನೆಯಲ್ಲಿ ಮದ್ದು ಕಲಸುವುದೇ ಅಪರಾಧ. ಪರವಾನಗಿ ಇಲ್ಲದೆ ಪಟಾಕಿ ತಯಾರಿಸುವಂತಿಲ್ಲ ಎಂದು 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳು ಹೇಳುತ್ತವೆ.

ಹಸಿರು ಪಟಾಕಿಗೆ ಹೊಗೆ ಇಲ್ಲವೆಂಬುದೂ ತಪ್ಪು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ಈ ಪಟಾಕಿಯಲ್ಲಿ ಹೊಗೆಯ ಕಣಗಳು ಸುಮಾರು ಶೇ. 30 ಕಡಿಮೆ, ಅಷ್ಟೇ. ಅದೂ ಸುಡುತ್ತದೆ, ಸಿಡಿಯುತ್ತದೆ. ಸುಟ್ಟಲ್ಲಿ ಟೂತ್‌ಪೇಸ್ಟ್, ಇಂಕು ಬೇಡವೇ ಬೇಡ, 20 ನಿಮಿಷ ಹರಿಯುವ ತಣ್ಣೀರು ಹಿಡಿಯಿರಿ. ದೂರ ನಿಂತವರಿಗೆ ಏನೂ ಆಗದು ಅನ್ನುವವರು ಹಬ್ಬದ ಮರುದಿನ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಸುದ್ದಿ ಓದಲಿ. ಅಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿ ಪಟಾಕಿ ಮುಟ್ಟಿದವರೇ ಅಲ್ಲ, ನಿಂತು ನೋಡಿದವರು.

2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಬೆಂದುಹೋದರು. ವಾರವೆಲ್ಲ ಅದೇ ಮಾತು. ತಿಂಗಳು ಕಳೆದು ದೀಪಾವಳಿ ಬಂದಾಗ ಮತ್ತೆ 'ಏನೂ ಆಗಂಗಿಲ್ಲ ಬಿಡ್ರಿ' ಶುರು. ಮಳೆ ಯಾವತ್ತು ಬರುತ್ತದೆಂದು ಮೂರು ಕಡೆ ವಿಚಾರಿಸಿ ಬಿತ್ತುವ ಊರಿನವರು ನಾವು. ಮಗುವಿನ ಕೈಗೆ ಮದ್ದು ಕೊಡುವಾಗ ಮಾತ್ರ ಯಾರೋ ಅಂದದ್ದನ್ನು ಹಾಗೇ ನಂಬುತ್ತೇವೆ.

ಠುಸ್ಸಾದದ್ದನ್ನು ಅರ್ಧ ತಾಸು ಮುಟ್ಟಬೇಡಿ. ಆಮೇಲೆ ದೂರದಿಂದಲೇ ನೀರು ಸುರಿದು, ಉದ್ದನೆಯ ಕೋಲಿನಿಂದ ತಳ್ಳಿ, ತುಂಬಿದ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿ. ತೇವವಾಗುವುದು ಬೇರೆ, ಮುಳುಗುವುದು ಬೇರೆ. ಬಕೆಟ್ ತುಂಬ ನೀರಿದ್ದರೆ ಹುಟ್ಟಿದ ಕಾವನ್ನು ನೀರೇ ನುಂಗುತ್ತದೆ. ಬಕೆಟ್ ಅಂಗಳದಲ್ಲೇ ಇರಲಿ, ಮುಚ್ಚಳ ಹಾಕಬೇಡಿ, ಬೆಳಗಿನ ತನಕ ಮಕ್ಕಳನ್ನು ಹತ್ತಿರ ಬಿಡಬೇಡಿ.