ವೇಷವು ಉಡುಪಾದ ಬಗೆ: ಚೀನಾದ ಹಾನ್‌ಫು

ಛದ್ಮವೇಷವೆಂದರೇನೆಂಬುದನ್ನು ಶಾಲೆಯ ಪರಿಸರದಲ್ಲಿ ಬೆಳೆದವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಹಗಲುವೇಷದವರನ್ನು ಕಂಡ ಉತ್ತರ ಕರ್ನಾಟಕದ ಹಿರಿಯರಿಗಂತೂ ಅದು ಒಂದು ಜೀವನೋಪಾಯವೂ ಹೌದು. ಕಳೆದ ಕೆಲವು ದಶಕಗಳಲ್ಲಿ ಈ ವೇಷಗಾರಿಕೆಯ ಹೊಸದೊಂದು ರೂಪವು ಜಗತ್ತಿನ ಯುವಜನರನ್ನು ಆಕರ್ಷಿಸಿದೆ. ಅದಕ್ಕೆ ಕಾಸ್‌ಪ್ಲೇ ಎಂದು ಹೆಸರು. ಚಿತ್ರಕಥೆ, ಚಲನಚಿತ್ರ ಅಥವಾ ಆಟದ ಒಂದು ಪಾತ್ರವನ್ನು ಆರಿಸಿಕೊಂಡು, ಅದರ ಉಡುಪನ್ನು ಸ್ವಂತ ಕೈಯಿಂದ ಹೊಲಿದು ತೊಟ್ಟು, ಸಮಾನಾಸಕ್ತರ ಸಮ್ಮೇಳನದಲ್ಲಿ ಕಾಣಿಸಿಕೊಳ್ಳುವುದೇ ಇದರ ತಿರುಳು. 1939ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ ವೈಜ್ಞಾನಿಕ ಕಥಾಪ್ರಿಯರ ಮೊದಲ ವಿಶ್ವ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯಲೋಕದ ಉಡುಪು ಧರಿಸಿ ಬಂದುದನ್ನು ಇದರ ಆರಂಭವೆಂದು ಗಣಿಸುವುದುಂಟು. ಆ ಉಡುಪುಗಳನ್ನು ಹೊಲಿದವರು ಮರ್ಟಲ್ ಡಗ್ಲಸ್ ಅವರೇ. ಕಾಸ್‌ಪ್ಲೇ ಎಂಬ ಶಬ್ದ ಮಾತ್ರ 1980ರ ದಶಕದ ಪೂರ್ವಾರ್ಧದಲ್ಲಿ ಜಪಾನಿನಲ್ಲಿ ಹುಟ್ಟಿದುದು.

ಕಾಲ್ಪನಿಕ ಪಾತ್ರಗಳ ವೇಷ ತೊಡುವ ಈ ಹವ್ಯಾಸವು ಮರೆತುಹೋದ ಒಂದು ಐತಿಹಾಸಿಕ ಉಡುಪನ್ನು ಮತ್ತೆ ಬೀದಿಗೆ ತರಲು ನೆರವಾಯಿತೆಂದರೆ ಮೊದಲ ನೋಟಕ್ಕೆ ಅಚ್ಚರಿಯೆನಿಸಬಹುದು. ಚೀನಾದಲ್ಲಿ ನಡೆದಿರುವುದು ಇದೇ ಆಗಿದೆ. ಹಾನ್‌ಫು ಎಂದರೆ ಹಾನ್ ಜನಾಂಗದ ಉಡುಪು. ಎದೆಯ ಮೇಲೆ ಎಡಭಾಗದ ಅಂಚು ಬಲಕ್ಕೆ ಹಾಯುವ ಕೊರಳಪಟ್ಟಿ, ವಿಶಾಲವಾದ ತೋಳು, ಗುಂಡಿಗಳಿಗೆ ಬದಲಾಗಿ ಕಸೆ, ಇವು ಅದರ ಲಕ್ಷಣಗಳು. ಕಸೆ ಅಂಗಿಯನ್ನು ಬಲ್ಲ ನಾಡಿನವರಿಗೆ ಇದರ ರಚನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ಉಡುಪು ಕಾಲಕ್ರಮದಲ್ಲಿ ತಾನಾಗಿಯೇ ಮಾಸಿಹೋದುದಲ್ಲ. 1644ರಲ್ಲಿ ಮಾಂಚು ಜನರು ಬೀಜಿಂಗನ್ನು ವಶಪಡಿಸಿಕೊಂಡರು. ಮರುವರ್ಷವೇ ಹಾನ್ ಪುರುಷರೆಲ್ಲರೂ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕೆಂದೂ, ಮಾಂಚು ರೀತಿಯ ಉಡುಪನ್ನು ಧರಿಸಬೇಕೆಂದೂ ಆಜ್ಞೆ ಹೊರಟಿತು. ಪ್ರತಿಭಟಿಸಿದ ಜಿಯಾಂಗ್‌ಯಿನ್, ಜಿಯಾಡಿಂಗ್ ಮೊದಲಾದ ಪಟ್ಟಣಗಳಲ್ಲಿ ನಡೆದ ನರಮೇಧ ಇತಿಹಾಸದಲ್ಲಿ ದಾಖಲಾಗಿದೆ. ತಲೆಗೂದಲಿಗಾಗಿ ತಲೆಯನ್ನೇ ತೆತ್ತವರು ಅಸಂಖ್ಯಾತರು. ಆದರೆ ರಂಗದ ಮೇಲಿನ ನಟರಿಗೂ ತಾವೋ ಪಂಥದ ಸಂನ್ಯಾಸಿಗಳಿಗೂ ಈ ನಿರ್ಬಂಧ ತಟ್ಟಲಿಲ್ಲ. ಹೀಗಾಗಿ ಹಾದಿಬೀದಿಯಲ್ಲಿ ನಿಷಿದ್ಧವಾದ ಮಿಂಗ್ ಕಾಲದ ಉಡುಪು ನಾಟಕದ ವೇಷವಾಗಿ ಉಳಿದುಕೊಂಡಿತು. ಪೀಕಿಂಗ್ ಸಂಗೀತ ನಾಟಕದ ಪಾತ್ರಗಳ ಉಡುಗೆಯಲ್ಲಿ ಅದರ ಛಾಯೆಯನ್ನು ಇಂದಿಗೂ ಗುರುತಿಸಬಹುದು. ವೇಷವು ಉಡುಪನ್ನು ಕಾಪಾಡಿದುದು ಚೀನಾದಲ್ಲಿ ಇದೇ ಮೊದಲಲ್ಲವೆಂಬುದಕ್ಕೆ ಇಷ್ಟು ಸಾಕು.

1911ರ ಕ್ರಾಂತಿಯಿಂದ ಮಾಂಚು ಪ್ರಭುತ್ವವೇನೋ ಕೊನೆಗೊಂಡಿತು; ಜಡೆಗಳೂ ಉದುರಿದವು. ಹಳೆಯ ಉಡುಪು ಮಾತ್ರ ಮರಳಲಿಲ್ಲ. ಪುರುಷರು ಸನ್ ಯಾತ್‌ಸೆನ್ ಅವರ ಹೆಸರಿನ ಮುಚ್ಚುಕೊರಳಿನ ಕೋಟನ್ನು ತೊಟ್ಟರು. ಮಹಿಳೆಯರಲ್ಲಿ 1920ರ ದಶಕದಿಂದ ಚಿಪಾವೊ ರೂಢಿಗೆ ಬಂದಿತು.

2003ರ ನವೆಂಬರ್ 22ರಂದು ಝೆಂಗ್‌ಝೌ ನಗರದಲ್ಲಿ ವಿದ್ಯುತ್ ಇಲಾಖೆಯ ಕಾರ್ಮಿಕನೊಬ್ಬನು ಪುರಾತನ ರೀತಿಯ ನಿಲುವಂಗಿಯನ್ನು ಧರಿಸಿ ಹಾಡುಹಗಲೇ ಬೀದಿಯಲ್ಲಿ ನಡೆದನು. ಸಿಂಗಪುರದ ಚೀನೀ ಭಾಷಾ ಪತ್ರಿಕೆಯೊಂದು ಇದನ್ನು ವರದಿ ಮಾಡಿತು. ಆಧುನಿಕ ಹಾನ್‌ಫು ಆಂದೋಲನವು ಅಂದೇ ಬೆಳಕಿಗೆ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮರುವರ್ಷ, 2004ರಲ್ಲಿ, ಆಟಗಳ ಬೃಹತ್ ಪ್ರದರ್ಶನವಾದ ಚೈನಾಜಾಯ್ ಆರಂಭವಾಯಿತು. ಅದು ಕಾಸ್‌ಪ್ಲೇ ಸ್ಪರ್ಧೆಗಳ ದೊಡ್ಡ ವೇದಿಕೆಯಾಗಿ ಬೆಳೆಯಿತು. ಒಂದೇ ತಲೆಮಾರಿನ ನಗರವಾಸಿ ತರುಣ ತರುಣಿಯರು ಎರಡೂ ಕಡೆ ಇದ್ದುದು ಸಹಜ. ಚಿತ್ರವನ್ನು ನೋಡಿ ಬಟ್ಟೆ ಕತ್ತರಿಸುವುದು, ದೊರೆಯದ ವಸ್ತುವಿಗೆ ಬದಲಿ ಹುಡುಕುವುದು, ತಲೆಗೂದಲನ್ನು ಶೃಂಗರಿಸುವುದು ಮುಂತಾದುವನ್ನು ಕಾಸ್‌ಪ್ಲೇ ಕಲಿಸಿತು. ಅದಕ್ಕಿಂತ ಮುಖ್ಯವಾಗಿ, ವಿಲಕ್ಷಣವಾದ ಉಡುಪಿನಲ್ಲಿ ನಾಲ್ಕು ಜನರ ಮುಂದೆ ಸಂಕೋಚವಿಲ್ಲದೆ ನಿಲ್ಲುವ ಧೈರ್ಯವನ್ನು ಅದು ಕೊಟ್ಟಿತು.

ವ್ಯಾಪಾರದ ಕ್ರಮವೂ ಇದೇ ಬಳಗದಿಂದ ಬಂದುದು. ಹಾನ್‌ಫು, ಜಪಾನಿನ ಲೋಲಿಟಾ ಎಂಬ ಶೈಲಿಯ ಗೌನು, ಜಪಾನೀ ಶಾಲಾ ಸಮವಸ್ತ್ರ ಇವು ಮೂರನ್ನೂ ಕೂಡಿಸಿ ಚೀನೀ ತರುಣಿಯರು ವಿನೋದದಿಂದ ‘ಮೂರು ಗುಂಡಿಗಳು’ ಎನ್ನುತ್ತಾರೆ. ಇಲ್ಲಿ ಗುಂಡಿಯೆಂದರೆ ಅಂಗಿಯ ಗುಂಡಿಯಲ್ಲ, ಬಿದ್ದರೆ ಹಣವೆಲ್ಲ ಮುಳುಗುವ ಹಳ್ಳ! ವಿನ್ಯಾಸದ ಚಿತ್ರವನ್ನು ಮೊದಲು ತೋರಿಸಿ, ಮುಂಗಡ ಪಡೆದು, ಬೇಡಿಕೆ ಖಚಿತವಾದ ಮೇಲೆ ಹೊಲಿಸಿ, ತಿಂಗಳುಗಳ ಅನಂತರ ಉಳಿದ ಹಣ ಪಡೆದು ಕಳುಹಿಸಿಕೊಡುವ ಪದ್ಧತಿಯು ಈ ಮೂರಕ್ಕೂ ಸಾಮಾನ್ಯವಾಗಿದೆ. ಬಂಡವಾಳವಿಲ್ಲದ ಚಿಕ್ಕ ಹೊಲಿಗೆಮನೆಗಳು ಇದರಿಂದಲೇ ತಲೆಯೆತ್ತಿದವು.

ಇಷ್ಟಾದರೂ ಹಾನ್‌ಫು ಧರಿಸುವವರಿಗೆ ಅದನ್ನು ಕಾಸ್‌ಪ್ಲೇ ಎಂದು ಕರೆದರೆ ಸಹನೆಯಾಗದು. ಅವರು ಪರಸ್ಪರರನ್ನು ‘ಒಂದೇ ನಿಲುವಂಗಿಯವರು’ ಎಂಬರ್ಥದ ಪುರಾತನ ಶಬ್ದದಿಂದ ಕರೆದುಕೊಳ್ಳುತ್ತಾರೆ. ವೇಷವೆಂದರೆ ಕಳಚಿಡುವಂಥದು, ಉಡುಪು ತನ್ನದೆಂದು ತೊಡುವಂಥದು ಎಂಬುದು ಅವರ ವಾದ. ಈ ಅಸಹನೆಗೆ ಕಾರಣವಿಲ್ಲದಿಲ್ಲ. 2010ರ ಅಕ್ಟೋಬರಿನಲ್ಲಿ ಚೆಂಗ್‌ಡು ನಗರದಲ್ಲಿ ಜಪಾನ್ ವಿರೋಧಿ ಗುಂಪೊಂದು ಹಾನ್‌ಫು ಧರಿಸಿದ್ದ ಯುವತಿಯೊಬ್ಬಳನ್ನು ಕಂಡು, ಅವಳು ತೊಟ್ಟಿರುವುದು ಕಿಮೋನೊ ಎಂದು ತಪ್ಪು ತಿಳಿದು, ಬಲವಂತದಿಂದ ಅದನ್ನು ಕಳಚಿಸಿ ಸುಟ್ಟುಹಾಕಿತು. ತನ್ನ ಪೂರ್ವಜರ ಉಡುಪು ತನ್ನವರಿಗೇ ಪರದೇಶದ್ದಾಗಿ ಕಂಡ ಈ ಪ್ರಸಂಗಕ್ಕಿಂತ ಮರೆವಿನ ಆಳವನ್ನು ತೋರಿಸುವ ನಿದರ್ಶನ ಬೇರೆ ಬೇಕಿಲ್ಲ.

ಹೀಗೆ ವೇಷವೆನಿಸಿಕೊಳ್ಳುವ ಭಯದಿಂದಲೇ ಪುರಾವೆಯ ಮೇಲಿನ ಶ್ರದ್ಧೆ ಹೆಚ್ಚಿತು. ಚಿತ್ರೀಕರಣಕ್ಕೆ ಬಾಡಿಗೆ ಕೊಡುವ ಥಳಕಿನ ಬಟ್ಟೆಗಳನ್ನು ‘ಸ್ಟುಡಿಯೋ ಉಡುಪು’ ಎಂದು ಹೀಗಳೆಯುವ ರೂಢಿ ಬೆಳೆಯಿತು. ಯಾವ ಗೋರಿಯಲ್ಲಿ, ಯಾವ ಚಿತ್ರದಲ್ಲಿ ಇದಕ್ಕೆ ಆಧಾರವಿದೆಯೆಂದು ಕೇಳುವವರು ಹುಟ್ಟಿಕೊಂಡರು. ಕಾದಂಬರಿಕಾರರಾಗಿದ್ದು ಬಳಿಕ ವಸ್ತ್ರೇತಿಹಾಸಕ್ಕೆ ತಮ್ಮನ್ನು ಅರ್ಪಿಸಿಕೊಂಡ ಶೆನ್ ಕಾಂಗ್‌ವೆನ್ ಅವರು 1981ರಲ್ಲಿ ಪ್ರಕಟಿಸಿದ್ದ ಪ್ರಾಚೀನ ಉಡುಪುಗಳ ಮಹಾಸಂಶೋಧನೆ ವಿದ್ವಾಂಸರ ಕಪಾಟಿನಿಂದ ತರುಣರ ಕೈಗೆ ಬಂದಿತು. 1972ರಲ್ಲಿ ಚಾಂಗ್‌ಶಾ ಬಳಿಯ ಮವಾಂಗ್‌ದುಯಿಯಲ್ಲಿ ತೆರೆದ ಕ್ರಿ. ಪೂ. 2ನೆಯ ಶತಮಾನದ ಗೋರಿಯಲ್ಲಿ ದೊರೆತ ರೇಷ್ಮೆಯ ತೆಳು ನಿಲುವಂಗಿ ಇವರೆಲ್ಲರ ಪಾಲಿಗೆ ಒಂದು ಆದರ್ಶ. 128 ಸೆಂಟಿಮೀಟರ್ ಉದ್ದದ ಆ ಅಂಗಿಯ ತೂಕ ಕೇವಲ 49 ಗ್ರಾಂ! ಅದರ ಪ್ರತಿಕೃತಿಗಾಗಿ ನಡೆದ ಮೊದಲ ಯತ್ನದಲ್ಲಿ ತೂಕ 80 ಗ್ರಾಂ ಮೀರಿತು. ನೇಕಾರರ ಕೈಯಲ್ಲಿ ದೋಷವಿರಲಿಲ್ಲ. ಎರಡು ಸಾವಿರ ವರ್ಷಗಳ ಸಾಕಣೆಯಿಂದ ರೇಷ್ಮೆಹುಳು ದಪ್ಪವಾಗಿ, ಅದರ ಎಳೆಯೂ ದಪ್ಪವಾಗಿದ್ದಿತು. ಗೂಡಿನ ಗಾತ್ರ ಹೆಚ್ಚಿದಷ್ಟೂ ಹಿಗ್ಗುವ ರಾಮನಗರದ ರೈತರಿಗೆ ಇದು ವಿಚಿತ್ರವೆನಿಸೀತು. ತೆಳುವಾದ ಎಳೆಯನ್ನು ಅರಸಿ, ನೇಯ್ದು, ಹೆಚ್ಚುಕಡಮೆ ಅದೇ ತೂಕದ ಅಂಗಿಯನ್ನು ನಾನ್‌ಜಿಂಗ್‌ನ ಯುನ್‌ಜಿನ್ ಸಂಶೋಧನಾಲಯವು ಸಿದ್ಧಗೊಳಿಸಿದುದು 2019ರಲ್ಲಿ.

ಶುದ್ಧತೆಯ ಈ ಹಂಬಲಕ್ಕೆ ಇನ್ನೊಂದು ಮುಖವೂ ಇದೆ. ಚೀನಾದ ಜನಸಂಖ್ಯೆಯಲ್ಲಿ ನೂರಕ್ಕೆ 91ರಷ್ಟು ಹಾನ್ ಜನರಿದ್ದರೂ, ಸರ್ಕಾರ ಗುರುತಿಸಿರುವ ಇತರ ಜನಾಂಗಗಳು 55. ಹಾನ್ ಉಡುಪೇ ದೇಶದ ಉಡುಪೆಂದು ಸಾರುವ ಅತ್ಯುತ್ಸಾಹಿಗಳ ಮಾತು ಅವರ ಕಿವಿಗೆ ಹಿತವಾಗಿ ಕೇಳಿಸಲಾರದು. ವೇಷದ ಆಟವನ್ನು ಆಟವೆಂದೇ ಬಲ್ಲ ಕಾಸ್‌ಪ್ಲೇ ಬಳಗದಲ್ಲಿ ಈ ಗರ್ವಕ್ಕೆ ಎಡೆ ಕಡಮೆ ಎನ್ನಬೇಕಾಗುತ್ತದೆ.

ಶಾನ್‌ದಾಂಗ್ ಪ್ರಾಂತದ ಕಾವ್ ಎಂಬ ತಾಲ್ಲೂಕು ಈ ಕಥೆಯ ಮತ್ತೊಂದು ಕೊನೆ. ಮಕ್ಕಳ ನೃತ್ಯಕ್ಕೂ ಛಾಯಾಚಿತ್ರ ಮಂದಿರಗಳಿಗೂ ವೇಷಭೂಷಣ ಹೊಲಿದು ಮಾರುತ್ತಿದ್ದ ಹಳ್ಳಿಗಳು ಅಲ್ಲಿದ್ದವು. ಬೇಡಿಕೆ ಬದಲಾದಾಗ ಅದೇ ಯಂತ್ರಗಳು, ಅದೇ ಸಿಂಪಿಗರು ಹಾನ್‌ಫು ತಯಾರಿಕೆಗೆ ತೊಡಗಿದರು. ನಗರಕ್ಕೆ ದುಡಿಯಲು ಹೋಗಿದ್ದ ಎಷ್ಟೋ ಮಂದಿ ಊರಿಗೆ ಮರಳಿದರು. ಇಂದು ಅಲ್ಲಿಂದ ಅತಿ ಹೆಚ್ಚು ಮಾರಾಟವಾಗುವುದು ‘ಕುದುರೆಮುಖದ ಲಂಗ’. ಎರಡು ಬಟ್ಟೆಗಳನ್ನು ಒಂದರ ಮೇಲೊಂದು ಹಾಯಿಸಿ, ಇಕ್ಕೆಲಗಳಲ್ಲಿ ನೆರಿಗೆ ಹಿಡಿದು, ಮುಂಭಾಗವನ್ನು ಮಟ್ಟಸವಾಗಿ ಬಿಟ್ಟ ಲಂಗವಿದು. 2022ರಲ್ಲಿ ಪ್ಯಾರಿಸ್ಸಿನ ಡಿಯೋರ್ ಸಂಸ್ಥೆಯು ಇದನ್ನೇ ಹೋಲುವ ಲಂಗವನ್ನು ತನ್ನದೆಂಬಂತೆ ಮಾರಾಟಕ್ಕಿಟ್ಟಾಗ ಚೀನೀ ವಿದ್ಯಾರ್ಥಿಗಳು ಅದರ ಅಂಗಡಿಯ ಮುಂದೆ ಪ್ರತಿಭಟಿಸಿದರು. ಆ ಬಳಿಕ ಅದರ ಖ್ಯಾತಿ ಇಮ್ಮಡಿಸಿತು. ಈಗ ಹೆಂಗಸರು ಅದನ್ನು ಸಾಧಾರಣ ಅಂಗಿಯೊಡನೆ ಉಟ್ಟು ಕಚೇರಿಗೂ ಹೋಗುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಮಿಂಗ್ ಕಾಲದ ಈ ಲಂಗವು ಮಾಂಚು ಆಳ್ವಿಕೆಯ ಉದ್ದಕ್ಕೂ ಹಾನ್ ಸ್ತ್ರೀಯರ ಬಳಕೆಯಲ್ಲಿಯೇ ಇದ್ದಿತು. ವಸ್ತುಸಂಗ್ರಹಾಲಯಗಳಲ್ಲಿ ಇಂದು ಕಾಣಸಿಗುವ ಇದರ ಮಾದರಿಗಳಲ್ಲಿ ಹೆಚ್ಚಿನವು ಆ ಮಾಂಚು ಕಾಲದವೇ ಆಗಿವೆ.