ಸೊನ್ನೆ ಬೇರೆ, ತಂತಿ ತುಂಡಾಗಿದ್ದು ಬೇರೆ

ನಾಗಪುರದಿಂದ ಭಂಡಾರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಮೌದಾ. ನಮ್ಮ ರಾಯಚೂರಿನವರಿಗೆ ಇಲ್ಲಿನ ಬಿಸಿಲೂ ಹೊಸದಲ್ಲ, ಚಿಮಣಿಗಳೂ ಹೊಸವಲ್ಲ. ಇಲ್ಲಿನ ಎನ್‌ಟಿಪಿಸಿ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 2320 ಮೆಗಾವ್ಯಾಟ್: 500ರ ಎರಡು, 660ರ ಎರಡು ಘಟಕಗಳು. ನನ್ನ ಕಸುಬು ಸಾಫ್ಟ್‌ವೇರ್. ಆದರೂ ದೋಷದ ಸುದ್ದಿಯನ್ನು ಹೇಗೆ ಮುಟ್ಟಿಸಬೇಕು ಎಂಬುದಕ್ಕೆ ಇಂಥ ಸ್ಥಾವರಗಳ ಹಳೆಯ ಪದ್ಧತಿಯೊಂದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಒತ್ತಡ, ನೀರಿನ ಮಟ್ಟ ಅಳೆಯುವ ಅನೇಕ ಉಪಕರಣಗಳು ತಮ್ಮ ಅಳತೆಯನ್ನು 4ರಿಂದ 20 ಮಿಲಿ ಆಂಪಿಯರ್ ವಿದ್ಯುತ್ ಪ್ರವಾಹವಾಗಿ ಕಂಟ್ರೋಲ್ ರೂಮಿಗೆ ಕಳಿಸುತ್ತವೆ. ಅಳತೆ ಸೊನ್ನೆಯಾಗಿದ್ದರೂ 4 ಮಿಲಿ ಆಂಪಿಯರ್ ಹರಿಯುತ್ತಲೇ ಇರುತ್ತದೆ. ತಂತಿ ತುಂಡಾದರೆ ಪ್ರವಾಹವೇ ನಿಲ್ಲುತ್ತದೆ. ಹೀಗಾಗಿ ‘ಒತ್ತಡ ಇಲ್ಲ’ ಎನ್ನುವುದಕ್ಕೂ ‘ನನಗೆ ಗೊತ್ತಿಲ್ಲ’ ಎನ್ನುವುದಕ್ಕೂ ಗೊಂದಲವಿಲ್ಲ.

ನಾವು ಬರೆಯುವ ಕೋಡಿನಲ್ಲಿ ಈ ವ್ಯತ್ಯಾಸ ಎಷ್ಟೋ ಸಲ ಅಳಿಸಿಹೋಗುತ್ತದೆ. ಕೆಳಗಿನ ಮಾಡ್ಯೂಲ್ ಡೇಟಾಬೇಸ್ ಸಿಗದೆ ಸೋಲುತ್ತದೆ. ಮಧ್ಯದ್ದು ಆ ಎಕ್ಸೆಪ್ಶನ್ ಹಿಡಿದು, ಸುಮ್ಮನೆ ಸೊನ್ನೆ ಕೊಡುತ್ತದೆ. ಮೇಲಿನದು ಅದನ್ನೇ ನಂಬಿ ಗ್ರಾಹಕರಿಗೆ ‘ನಿಮ್ಮ ಬಾಕಿ ₹0’ ಎನ್ನುತ್ತದೆ. ಎಲ್ಲೂ ಕೆಂಪು ದೀಪ ಹತ್ತುವುದಿಲ್ಲ.

ದೋಷವನ್ನು ಅಳತೆಯೆಂದು ನಂಬಿದ್ದಕ್ಕೆ ದೊಡ್ಡ ಬೆಲೆ ತೆತ್ತದ್ದು 1996ರ ಜೂನ್ 4ರಂದು ಹಾರಿದ ಯುರೋಪಿನ ಏರಿಯಾನ್ 5 ರಾಕೆಟ್. ಏರಿಯಾನ್ 4ರಿಂದ ತಂದ ಮಾಡ್ಯೂಲಿನಲ್ಲಿ 64 ಬಿಟ್‌ನ ಸಂಖ್ಯೆಯೊಂದು 16 ಬಿಟ್‌ನೊಳಗೆ ಹಿಡಿಸಲಿಲ್ಲ. ಬದಲಿ ಕಂಪ್ಯೂಟರಿನಲ್ಲೂ ಅದೇ ಸಾಫ್ಟ್‌ವೇರ್. ಅದೂ ಅದೇ ಕಾರಣಕ್ಕೆ ನಿಂತಿತು. ದೋಷದ ವಿವರವೇನೋ ಮುಖ್ಯ ಕಂಪ್ಯೂಟರಿಗೆ ತಲುಪಿತು. ಆದರೆ ಅದು ಆ ವಿವರವನ್ನೇ ಹಾರಾಟದ ಅಳತೆಯೆಂದು ಓದಿಕೊಂಡು ಎಂಜಿನ್ನಿನ ನಳಿಕೆಗಳನ್ನು ಓರೆಯಾಗಿಸಿತು. ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ ಚೂರುಚೂರು.

ಹಾಗಾಗಿ ಕೋಡ್ ಪರಿಶೀಲಿಸುವಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ದೋಷವನ್ನು ಈ ಮಾಡ್ಯೂಲ್ ಇಲ್ಲೇ ಸರಿಪಡಿಸಬಲ್ಲದೇ? ನೆಟ್‌ವರ್ಕ್ ಒಮ್ಮೆ ಕೈಕೊಟ್ಟರೆ ಇನ್ನೆರಡು ಸಲ ಪ್ರಯತ್ನಿಸಲಿ. ಆಗದಿದ್ದರೆ, ಮೇಲಿನ ಮಾಡ್ಯೂಲಿಗೆ ಅರ್ಥವಾಗುವಂತೆ ಹೇಳುತ್ತಿದೆಯೇ? ‘ಸಾಕೆಟ್ ಮುಚ್ಚಿದೆ’ ಎಂದರೆ ಬಿಲ್ಲಿಂಗಿಗೆ ಏನೂ ತಿಳಿಯದು. ‘ಬಾಕಿ ಓದಲಾಗಲಿಲ್ಲ’ ಎಂದು ಹೇಳಿ, ಮೂಲ ಕಾರಣವನ್ನೂ ಜೊತೆಗೆ ಕಳಿಸಬೇಕು. ಕೊನೆಯದಾಗಿ, ದೋಷವನ್ನು ಕಾಣದವರಂತೆ ದಾಟಿಹೋಗಲು ದಾರಿ ಇದೆಯೇ? ಇರಬಾರದು. ರಸ್ಟ್ ಭಾಷೆಯ ‘ರಿಸಲ್ಟ್’ನಲ್ಲಿ ಉತ್ತರ ಇಲ್ಲವೇ ದೋಷ, ಎರಡರಲ್ಲೊಂದೇ ಇರುತ್ತದೆ, ತೆರೆದು ನೋಡದೆ ಉತ್ತರ ಕೈಗೆ ಸಿಗದು.

ಮಾಡ್ಯೂಲ್ ತನ್ನ ಒಳಗಿನ ಗುಟ್ಟು ಕಾಯಲಿ. ಸೋತದ್ದನ್ನು ಮಾತ್ರ ಗುಟ್ಟು ಮಾಡದಿರಲಿ.